ಎತ್ತರದಿಂದ ನೀರಿಗೆ: ಧುಮುಕುವ ವಿದ್ಯೆಯ ಅಪಾಯವೂ ಕ್ಷೇಮವೂ

ನದಿಯೊಂದೂ ಇಲ್ಲದ ನಾಡಿನಲ್ಲಿ, ಮಳೆಯನ್ನು ವರ್ಷಕ್ಕೆ ಬೆರಳೆಣಿಕೆಯ ದಿನಗಳಲ್ಲಿ ಮಾತ್ರ ಕಾಣುವ ದೋಹಾ ನಗರದ ಅಬು ಹಮೂರ್ ಬಡಾವಣೆಯಲ್ಲಿ ಕುಳಿತು, ನೀರಿಗೆ ಧುಮುಕುವವರ ಯೋಗಕ್ಷೇಮವನ್ನು ಕುರಿತು ಬರೆಯಹೊರಡುವುದು ವಾಚಕರಿಗೆ ಕೊಂಚ ವಿಚಿತ್ರವಾಗಿ ತೋರಬಹುದು. ಇಲ್ಲಿ ನಮ್ಮ ನೆರೆಯಲ್ಲಿರುವುದು ಭಾರತೀಯ ಶಾಲೆಗಳು, ಎತ್ತರದ ಗೋಡೆಗಳೊಳಗೆ ಸಾಲುಗಟ್ಟಿದ ವಿಲ್ಲಾಗಳು, ನಾನಾ ಪಂಗಡಗಳ ಇಗರ್ಜಿಗಳು, ಕನ್ನಡಿಗರೂ ತುಳುವರೂ ಒಂದಲ್ಲ ಒಂದು ಸಮಾರಂಭಕ್ಕೆ ಬಂದು ಸೇರುವ ಭಾರತೀಯ ಸಾಂಸ್ಕೃತಿಕ ಕೇಂದ್ರ. ಕೆರೆಯಿಲ್ಲ, ಕಟ್ಟೆಯಿಲ್ಲ, ಹೊಳೆಯ ಮಾತಂತೂ ಇಲ್ಲವೇ ಇಲ್ಲ. ಹಾಗಿದ್ದರೂ ಇಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ, ಆಸ್ಪೈರ್ ವಲಯದ ಮುನ್ನೂರು ಮೀಟರಿನ ಗೋಪುರದ ನೆರಳಿನಲ್ಲಿ, 2006ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಹಮದ್ ಈಜು ಕೇಂದ್ರವಿದೆ. ಅದರೊಳಗೆ ಹತ್ತು ಮೀಟರಿನ ಧುಮುಕುವ ವೇದಿಕೆಯಿದೆ. ಮತ್ತು 2024ರ ಫೆಬ್ರುವರಿಯಲ್ಲಿ ವಿಶ್ವ ಜಲಕ್ರೀಡಾ ಚಾಂಪಿಯನ್‌ಷಿಪ್ ಈ ಊರಿಗೆ ಬಂದಾಗ, ಹಳೆಯ ದೋಹಾ ಬಂದರಿನಲ್ಲಿ ಇಪ್ಪತ್ತೇಳು ಮೀಟರಿನ ಗೋಪುರವೊಂದು ಎದ್ದು, ಮನುಷ್ಯರು ಅದರ ತುದಿಯಿಂದ ಒಬ್ಬೊಬ್ಬರಾಗಿ ಕೆಳಕ್ಕೆ ಬೀಳುವುದನ್ನು ನಾವು ಕತ್ತೆತ್ತಿ ನೋಡಿದೆವು.

ಬೀಳುವುದೆಂದು ಬರೆದುದು ಅಜಾಗರೂಕತೆಯಿಂದಲ್ಲ. ಧುಮುಕುವುದೆಂದರೆ ಒಪ್ಪಿಕೊಂಡು ಬೀಳುವುದು. ಬೀಳುವ ಕಾಲವನ್ನು ಲಾಗಗಳಿಗೂ ತಿರುವುಗಳಿಗೂ ಹಂಚಿಕೊಡುವುದು. ಆ ದಿನ ಪುರುಷರ ಸ್ಪರ್ಧೆಯಲ್ಲಿ ಇಪ್ಪತ್ತೊಂದು ವರ್ಷದ ಬ್ರಿಟಿಷ್ ತರುಣ ಐಡನ್ ಹೆಸ್ಲಾಪ್, ತನ್ನ ವಯಸ್ಸಿಗೆ ಹತ್ತಿರ ಹತ್ತಿರ ಎರಡರಷ್ಟಾಗಿದ್ದ, ಫ್ರಾನ್ಸಿನ ಪರವಾಗಿ ಸ್ಪರ್ಧಿಸುವ ಗ್ಯಾರಿ ಹಂಟ್‌ನನ್ನು ಕಟ್ಟಕಡೆಯ ಧುಮುಕಿನಲ್ಲಿ ಹಿಂದಿಕ್ಕಿ ಸ್ವರ್ಣಪದಕ ಪಡೆದನು. ಆ ಧುಮುಕಿಗೆ ನಿಗದಿಯಾಗಿದ್ದ ಕಾಠಿಣ್ಯದ ಅಂಕ 6.2. ಇಪ್ಪತ್ತು ಮೀಟರಿನ ಮಹಿಳಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯದ ರಿಯಾನನ್ ಇಫ್ಲೆಂಡ್ ಗೆದ್ದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಕುಂದಾಪುರದ ಹಿರಿಯರೊಬ್ಬರು ಪದಕದ ವಿಚಾರವನ್ನು ಕೇಳಲೇ ಇಲ್ಲ; ಅವರು ಕೇಳಿದುದು, "ಅಡಿಯಲ್ಲಿ ನೀರೆಷ್ಟುಂಟು?" ಎಂದು. ಈ ವಿದ್ಯೆಯ ಕ್ಷೇಮಾಕ್ಷೇಮಗಳ ವಿಚಾರವೆಲ್ಲ ಆ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆಂದು ನನಗೆ ಆಮೇಲೆ ಹೊಳೆಯಿತು.

ನಮ್ಮ ನುಡಿಯಲ್ಲಿ ಧುಮುಕುವುದು ಬೇರೆ, ಮುಳುಗುವುದು ಬೇರೆ. ಈ ಕೊಲ್ಲಿಯ ಪ್ರಾಚೀನ ವಿದ್ಯೆ ಮುಳುಗುವುದಾಗಿತ್ತು. ಮುತ್ತಿನ ಸಿಂಪಿಗಾಗಿ ಮೂಗಿಗೆ ಚಿಮುಟವಿಟ್ಟು, ಕಾಲಿಗೆ ಕಲ್ಲು ಕಟ್ಟಿ, ಹಡಗಿನ ಮೇಲೆ ಹಗ್ಗ ಹಿಡಿದು ನಿಂತವನನ್ನೇ ನಂಬಿ ತಳಕ್ಕಿಳಿಯುತ್ತಿದ್ದ ಕತಾರಿನ ಗವ್ವಾಸರು, ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ಬಂದು 1930ರ ದಶಕದಲ್ಲಿ ಅವರ ಉದ್ಯಮ ಕುಸಿದುಬೀಳುವವರೆಗೂ, ಬೇಸಗೆಯ ತಿಂಗಳುಗಳನ್ನೆಲ್ಲ ಕಡಲಿನಲ್ಲಿಯೇ ಕಳೆಯುತ್ತಿದ್ದರು. ಅವರ ವಿಪತ್ತು ಆಳದ ವಿಪತ್ತು. ಎತ್ತರದಿಂದ ಧುಮುಕುವ ಸಾಹಸಕ್ಕೆ ನಮ್ಮ ಪುರಾಣಗಳಲ್ಲಿಯೇ ನಿದರ್ಶನವನ್ನು ಹುಡುಕುವುದಾದರೆ, ಕದಂಬದ ಮರವನ್ನೇರಿ ಕಾಳಿಂಗನ ಮಡುವಿಗೆ ಹಾರಿದ ಬಾಲಕೃಷ್ಣನಿಗಿಂತ ಉತ್ತಮನಾದವನು ಸಿಕ್ಕಲಾರನು. ಆದರೆ ದೇವರ ಮಗುವಿಗೆ ಮಡುವಿನ ಆಳವನ್ನು ಅಳೆಯಬೇಕಾದ ಪ್ರಮೇಯವಿರಲಿಲ್ಲ, ನಮ್ಮ ಮಕ್ಕಳಿಗೆ ಉಂಟು.

ಮೊದಲು ಬೀಳುವಿಕೆಯ ಲೆಕ್ಕವನ್ನು ನೋಡೋಣ. ಗಾಳಿಯ ತಡೆಯನ್ನು ಬಿಟ್ಟು ಎಣಿಸಿದರೆ, ಮೂರು ಮೀಟರಿನಿಂದ ಬಿದ್ದ ದೇಹ ನೀರನ್ನು ಮುಟ್ಟುವಾಗ ಗಂಟೆಗೆ ಸುಮಾರು 28 ಕಿಲೋಮೀಟರು ವೇಗದಲ್ಲಿರುತ್ತದೆ. ಹತ್ತು ಮೀಟರಿನಿಂದಾದರೆ ಒಂದೂವರೆ ಸೆಕೆಂಡಿಗೆ ತುಸು ಕಡಿಮೆ ಕಾಲದಲ್ಲಿ ಆ ವೇಗ 50 ಕಿಲೋಮೀಟರನ್ನು ಮುಟ್ಟುತ್ತದೆ. ಇಪ್ಪತ್ತು ಮೀಟರಿಗೆ 71, ಇಪ್ಪತ್ತೇಳಕ್ಕೆ 83. ವೇಗ ಎತ್ತರದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಅದರ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಏರುತ್ತದೆಂಬುದು ಸಮಾಧಾನಕರವಾಗಿ ಕೇಳಿಸಬಹುದು. ಆದರೆ ನೀರು ಹೀರಿಕೊಳ್ಳಬೇಕಾದ ಶಕ್ತಿ ಎತ್ತರದ ಜೊತೆಜೊತೆಗೇ ಏರುವುದರಿಂದ, ಬಂದರಿನ ಗೋಪುರದಿಂದ ಹಾರಿದವನ ದೇಹದಲ್ಲಿ ಹತ್ತು ಮೀಟರಿನವನ ದೇಹದಲ್ಲಿರುವುದರ 2.7ರಷ್ಟು ಶಕ್ತಿ ಸಂಚಯಗೊಂಡಿರುತ್ತದೆ. ಅಷ್ಟನ್ನೂ ಕೆಲವೇ ಮೀಟರುಗಳ ನೀರಿನಲ್ಲಿ ಕಳೆದುಕೊಳ್ಳಬೇಕು.

ಎತ್ತರದಿಂದ ಬಿದ್ದವನಿಗೆ ನೀರು ಕಲ್ಲಿನಂತಾಗುತ್ತದೆ ಎನ್ನುವ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಅದಕ್ಕೆ ನೀರಿನ ಮೇಲ್ಮೈಯ ಬಿಗುವನ್ನು ಕಾರಣವೆಂದು ಹೇಳುವವರೂ ಇದ್ದಾರೆ. ಮೇಲ್ಮೈಯ ಆ ಬಿಗುವು ಒಂದು ಜಲಕೀಟವನ್ನು ಹೊರಬಲ್ಲುದೇ ಹೊರತು ಮನುಷ್ಯನನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ನಿಜವಾದ ಕಾರಣ ನೀರಿನ ಜಡತ್ವ: ನಮ್ಮ ದೇಹ ಹೋಗಬೇಕಾದ ಜಾಗದಲ್ಲಿರುವ ನೀರು ಪಕ್ಕಕ್ಕೆ ಸರಿಯಬೇಕು, ಸರಿಯಲು ಕಾಲ ಬೇಕು, ಆ ಕಾಲವನ್ನು ನಾವು ಕೊಡುವುದಿಲ್ಲ. ಆದುದರಿಂದ ಎಷ್ಟು ನೀರನ್ನು ಎಷ್ಟು ಬೇಗ ಸರಿಸಬೇಕಾಗುತ್ತದೆಂಬುದರ ಮೇಲೆಯೇ ಪೆಟ್ಟಿನ ಪ್ರಮಾಣ ನಿಂತಿದೆ. ನೆಟ್ಟಗೆ, ಈಟಿಯಂತೆ ಹೋದವನು ಅಂಗೈಯಗಲದ ನೀರನ್ನು ಸೀಳುತ್ತಾನೆ. ಹೊಟ್ಟೆ ಬಡಿದುಕೊಂಡು ಬಿದ್ದವನು ಮೈಯಗಲದ ನೀರನ್ನೆಲ್ಲ ಒಮ್ಮೆಗೇ ತಳ್ಳಬೇಕಾಗುತ್ತದೆ. ಹಳ್ಳಿಯ ಬಾವಿಯಲ್ಲಿ ಹಾಗೆ ಬಿದ್ದ ಹುಡುಗನ ಹೊಟ್ಟೆ ಕೆಂಪಾಗಿ ಗೆಳೆಯರಿಗೆ ನಗೆಯಾದೀತು. ಹತ್ತು ಮೀಟರಿನಿಂದ ಬಿದ್ದರೆ ಶ್ವಾಸಕೋಶ ಜಜ್ಜಿ ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಳ್ಳುವುದುಂಟು.

ಹತ್ತು ಮೀಟರಿನ ಸ್ಪರ್ಧಿಗಳು ಬಹುಮಟ್ಟಿಗೆ ಕೈ ಮುಂದೆ ಮಾಡಿ, ತಲೆಗೆಳಗಾಗಿ ನೀರನ್ನು ಹೊಗುತ್ತಾರೆ. ಒಂದು ಅಂಗೈಯ ಮೇಲೆ ಇನ್ನೊಂದನ್ನು ಮಡಚಿಟ್ಟು, ಅಂಗೈಯನ್ನು ನೀರಿಗೆ ಚಪ್ಪಟೆಯಾಗಿ ಒಡ್ಡಿ, ಅದು ತೆರೆದ ರಂಧ್ರದೊಳಗೆ ಮೈಯನ್ನೆಲ್ಲ ಹೊಗಿಸುವುದು ಇವರ ಕೌಶಲ. ನೀರು ಚಿಮ್ಮದೆ, ಬಟ್ಟೆ ಹರಿದಂತೆ ಸದ್ದಾದರೆ ಅದು ಸಿದ್ಧಿಸಿತೆಂದು ಅರ್ಥ. ಪ್ರೇಕ್ಷಕನಿಗೆ ಅದು ಸೌಂದರ್ಯ, ಮಣಿಕಟ್ಟಿಗೆ ಅದೇ ಸುತ್ತಿಗೆಯ ಪೆಟ್ಟು. ಒಂದು ಧುಮುಕಿನ ಪೆಟ್ಟು ದೊಡ್ಡದಲ್ಲ. ದಿನಕ್ಕೆ ಹಲವು ಹತ್ತು ಸಲದಂತೆ ವರ್ಷಗಟ್ಟಲೆ ಅದೇ ಮಣಿಕಟ್ಟು, ಅದೇ ಹೆಗಲು, ಬಿಲ್ಲಿನಂತೆ ಬಾಗುವ ಅದೇ ಕೆಳಬೆನ್ನು ಅದನ್ನು ಸಹಿಸುತ್ತ ಹೋಗುವುದರಿಂದ, ಈ ಕ್ರೀಡೆಯ ಗಾಯಗಳಲ್ಲಿ ಬಹುಪಾಲು ಆಕಸ್ಮಿಕಗಳಲ್ಲ, ಸವೆತಗಳು. ತಲೆ ಕೊಂಚ ಓರೆಯಾಗಿ ನೀರಿಗೆ ಬಡಿದರೆ ಕಿವಿಯ ತಮಟೆ ಹರಿಯುತ್ತದೆ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಹತ್ತು ಮೀಟರಿನ ಚಿನ್ನ ಗೆದ್ದ, ಕೊರಿಯ ಮೂಲದ ಅಮೆರಿಕನ್ ಸ್ಯಾಮಿ ಲೀ ವೃತ್ತಿಯಿಂದ ಕಿವಿಯ ವೈದ್ಯನಾಗಿದ್ದನೆಂಬುದು ಇಲ್ಲಿ ನೆನಪಾಗುತ್ತದೆ. ಬಿಳಿಯರಲ್ಲದವರಿಗೆ ವಾರಕ್ಕೊಂದೇ ದಿನ ತೆರೆಯುತ್ತಿದ್ದ ಕೊಳದ ಕಾಲದಲ್ಲಿ ಆತ ಮರಳಿನ ಗುಂಡಿಯಲ್ಲಿ ಹಾರಿ ಅಭ್ಯಾಸಮಾಡಿದವನು.

ಇಪ್ಪತ್ತು ಮತ್ತು ಇಪ್ಪತ್ತೇಳು ಮೀಟರುಗಳವರಾದರೋ ಕಾಲು ಮುಂದಾಗಿಯೇ ನೀರನ್ನು ಹೊಗುತ್ತಾರೆ. ಗಂಟೆಗೆ 83 ಕಿಲೋಮೀಟರು ವೇಗದ ಅಭಿಘಾತವನ್ನು ಕೈಗಳು ತಡೆಯಲಾರವು, ಅವು ಸೋತರೆ ಮುಂದಿನದು ಕತ್ತು. ಆದ್ದರಿಂದ ಲಾಗಗಳೆಲ್ಲ ಮುಗಿದ ಮೇಲೆ ಕಡೆಯ ಕ್ಷಣದಲ್ಲಿ ಮತ್ತೊಂದು ಅರ್ಧ ತಿರುಗಿ, ಕಾಲು ಜೋಡಿಸಿ, ಮೈಯ ಪ್ರತಿಯೊಂದು ಸ್ನಾಯುವನ್ನೂ ಬಿಗಿದು ಕಂಬದಂತೆ ಇಳಿಯಬೇಕು. ಕಾಲು ಕೊಂಚ ಬೇರ್ಪಟ್ಟರೆ ಮಂಡಿಯ ಕಟ್ಟುಗಳೂ ತೊಡೆಸಂದಿಯೂ, ಮೈ ಕೊಂಚ ಓರೆಯಾದರೆ ಬೆನ್ನೂ ಪಕ್ಕೆಯೂ ಅದರ ಬೆಲೆ ತೆರುತ್ತವೆ. ನೀರಿನಲ್ಲಿ ಮೊದಲೇ ಇಳಿದು ಕಾದಿರುವ ರಕ್ಷಕ ಮುಳುಗುಗಾರರ ಕಡೆಗೆ, ಮೇಲೆ ಬಂದ ಸ್ಪರ್ಧಿ ಕೈಸನ್ನೆಯಿಂದ ತಾನು ಕ್ಷೇಮವೆಂದು ತಿಳಿಸುವ ಪದ್ಧತಿಯುಂಟು. ದೋಹಾದಲ್ಲಿ ಪ್ರತಿಸಲವೂ ಆ ಸನ್ನೆ ಕಾಣಿಸಿದ ಮೇಲೆಯೇ ನಮ್ಮ ಸಾಲಿನಲ್ಲಿ ಉಸಿರು ಬಿಡುತ್ತಿದ್ದರು.

ಇಷ್ಟೆಲ್ಲ ನೀರಿನ ಮಾತಾಯಿತು. ಆದರೆ ಹತ್ತು ಮೀಟರಿನ ಸ್ಪರ್ಧೆಯ ಇತಿಹಾಸದಲ್ಲಿ ಪ್ರಾಣವನ್ನು ತೆಗೆದುದು ನೀರಲ್ಲ, ವೇದಿಕೆಯ ಅಂಚು. ಧುಮುಕುಗಳನ್ನು ಆರು ವರ್ಗಗಳಾಗಿ ವಿಂಗಡಿಸಿದ್ದಾರೆ: ಮುಂದಕ್ಕೆ, ಹಿಂದಕ್ಕೆ, ಪ್ರತಿಮುಖ, ಒಳಮುಖ, ತಿರುವಿನದು, ಕೈಮೇಲೆ ನಿಂತು ಹಾರುವುದು ಎಂದು ಕನ್ನಡದಲ್ಲಿ ಹೇಳಬಹುದು. ಇವುಗಳಲ್ಲಿ ಪ್ರತಿಮುಖವೆಂಬುದರಲ್ಲಿ ಸ್ಪರ್ಧಿ ನೀರಿನ ಕಡೆಗೆ ಮುಖಮಾಡಿ ಮುಂದಕ್ಕೆ ಹಾರುತ್ತಾನೆ, ಆದರೆ ತಿರುಗುವುದು ಹಿಂದಕ್ಕೆ, ಅಂದರೆ ವೇದಿಕೆಯ ಕಡೆಗೆ. ಒಳಮುಖದಲ್ಲಿ ನೀರಿಗೆ ಬೆನ್ನುಹಾಕಿ ನಿಂತು ವೇದಿಕೆಯ ಕಡೆಗೇ ಬಾಗಿ ತಿರುಗುತ್ತಾನೆ. ಎರಡರಲ್ಲಿಯೂ ತಲೆ ತಾನು ಬಿಟ್ಟುಬಂದ ಅಂಚಿನ ಹತ್ತಿರವೇ ಸುತ್ತುವುದರಿಂದ, ನೆಗೆತ ಒಂದು ಮೊಳ ಸಾಲದೆ ಬಂದರೆ ಮುಗಿದುಹೋಯಿತು. 1983ರ ಜುಲೈನಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿ ನಡೆದ ವಿಶ್ವವಿದ್ಯಾಲಯಗಳ ಜಾಗತಿಕ ಕ್ರೀಡಾಕೂಟದಲ್ಲಿ, ಸೋವಿಯತ್ ಒಕ್ಕೂಟದ ಸೆರ್ಗೆಯ್ ಶಾಲಿಬಾಶ್ವಿಲಿ ಎಂಬ ತರುಣ ಮಂಡಿ ಮಡಚಿ ಮೂರೂವರೆ ಪ್ರತಿಮುಖ ಲಾಗಗಳನ್ನು ಹಾಕಲು ಹೋಗಿ ತಲೆಯನ್ನು ವೇದಿಕೆಗೆ ಬಡಿಸಿಕೊಂಡನು; ಪ್ರಜ್ಞೆ ಮರಳದೆ ಸುಮಾರು ಒಂದು ವಾರದಲ್ಲಿ ಮೃತನಾದನು.

ಅದೇ ಕೂಟದಲ್ಲಿದ್ದ ಅಮೆರಿಕದ ಗ್ರೆಗ್ ಲೂಗಾನಿಸ್ ತಾನೂ 1979ರಲ್ಲಿ ತಿಬ್ಲಿಸಿಯಲ್ಲಿ ವೇದಿಕೆಗೆ ತಲೆ ತಗಲಿ ಎಚ್ಚರತಪ್ಪಿದ್ದವನು. ಮುಂದೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮೂರು ಮೀಟರಿನ ಚಿಮ್ಮುಹಲಗೆಗೆ ತಲೆ ಬಡಿದು ರಕ್ತ ಬಂದು, ಹೊಲಿಗೆ ಹಾಕಿಸಿಕೊಂಡು ಮತ್ತೆ ಹಲಗೆಯೇರಿ ಗೆದ್ದನು. ಕೆಲವು ದಿನಗಳ ತರುವಾಯ ಹತ್ತು ಮೀಟರಿನ ಅಂತಿಮ ಸ್ಪರ್ಧೆಯಲ್ಲಿ ಚೀನದ ಹದಿನಾಲ್ಕು ವರ್ಷದ ಹುಡುಗ ಷಿಯಾಂಗ್ ನಿಯನ್ನು 1.14 ಅಂಕಗಳಿಂದ ಸೋಲಿಸಿದನು. ಹಾಗೆ ಗೆಲ್ಲಿಸಿದ ಅವನ ಕಡೆಯ ಧುಮುಕು ಯಾವುದೆಂದರೆ, ಎಡ್ಮಂಟನ್ನಿನಲ್ಲಿ ಒಬ್ಬನನ್ನು ಕೊಂದ ಆ ಮೂರೂವರೆ ಪ್ರತಿಮುಖ ಲಾಗವೇ. ಲೂಗಾನಿಸನ ಧೈರ್ಯವನ್ನು ಕೊಂಡಾಡಿ ಬರೆದವರು ಅನೇಕರಿದ್ದಾರೆ. ನನಗೆ ಅಲ್ಲಿ ಕಾಣುವುದು ಧೈರ್ಯಕ್ಕಿಂತ ಹೆಚ್ಚಾಗಿ ಅಂಕಗಣಿತದ ಬಲಾತ್ಕಾರ.

ಏಕೆಂದರೆ ಈ ಕ್ರೀಡೆಯಲ್ಲಿ ತೀರ್ಪುಗಾರರು ಕೊಟ್ಟ ಅಂಕಗಳಲ್ಲಿ ಮೇಲಿನವನ್ನೂ ಕೆಳಗಿನವನ್ನೂ ಬಿಟ್ಟು ಉಳಿದುದನ್ನು ಕಾಠಿಣ್ಯದ ಅಂಕದಿಂದ ಗುಣಿಸುತ್ತಾರೆ. ಗುಣಿಸುವುದೆಂಬ ಈ ಒಂದು ವಿಧಿಯೇ, ಸುಲಭವಾದ ಧುಮುಕನ್ನು ನಿರ್ದುಷ್ಟವಾಗಿ ಮಾಡಿದವನಿಗಿಂತ ಕಠಿಣವಾದುದನ್ನು ತಕ್ಕಮಟ್ಟಿಗೆ ಮಾಡಿದವನಿಗೆ ಹೆಚ್ಚು ಫಲ ಸಿಕ್ಕುವಂತೆ ಮಾಡಿ, ಒಂದೊಂದು ತಲೆಮಾರನ್ನೂ ಹಿಂದಿನದಕ್ಕಿಂತ ಅರ್ಧ ಲಾಗ ಮುಂದಕ್ಕೆ ನೂಕುತ್ತಿದೆ. ನಿಯಮಾವಳಿ ಇದನ್ನರಿಯದೆ ಇಲ್ಲ: ತಲೆ ಅಂಚಿಗೆ ಅಪಾಯಕರವಾಗಿ ಹತ್ತಿರ ಬಂದರೆ ಎರಡಕ್ಕಿಂತ ಹೆಚ್ಚು ಅಂಕ ಕೊಡಕೂಡದೆಂದು ವಿಧಿಸಿದೆ, ವಿಶ್ವಮಟ್ಟದ ಸ್ಪರ್ಧೆಗೆ ಆ ವರ್ಷದ ಕೊನೆಯೊಳಗೆ ಹದಿನಾಲ್ಕು ವರ್ಷ ತುಂಬಬೇಕೆಂದೂ ಹೇಳಿದೆ. ಆ ವಯಸ್ಸಿಗೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ದೋಹಾದಲ್ಲಿಯೂ ಹತ್ತು ಮೀಟರಿನ ಪ್ರಶಸ್ತಿ ಪಡೆದ ಚೀನದ ಚುವಾನ್ ಹಾಂಗ್‌ಚಾನ್‌ಳನ್ನು ಕಂಡಾಗ ಬೆರಗಾಗುವುದು ಸಹಜ; ಅವಳು ಯಾವ ವಯಸ್ಸಿನಲ್ಲಿ ಆ ಮೆಟ್ಟಿಲುಗಳನ್ನು ಏರತೊಡಗಿರಬೇಕೆಂದು ತಾಯ್ತಂದೆಯರು ಮನಸ್ಸಿನಲ್ಲಿ ಲೆಕ್ಕ ಹಾಕುವುದೂ ಅಷ್ಟೇ ಸಹಜ.

ಹೀಗಿದ್ದೂ ಈ ಕ್ರೀಡೆಯಲ್ಲಿ ಮರಣಗಳು ವಿರಳ. ಹಾಗಾಗುವುದಕ್ಕೆ ಕಾರಣ ಅದರ ಶಿಕ್ಷಣಕ್ರಮ. ನೀರಿಗಿಳಿಯದೆ ಈಜು ಬಾರದೆಂಬ ಗಾದೆಯನ್ನು ಧುಮುಕುವವರ ಗುರುಗಳು ತಲೆಕೆಳಗು ಮಾಡಿದ್ದಾರೆ; ಇಲ್ಲಿ ವಿದ್ಯೆ ಮೊದಲಾಗುವುದು ನೆಲದ ಮೇಲೆ. ಟ್ರ್ಯಾಂಪೊಲೀನಿನ ಮೇಲೆ, ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗದಿಂದ ತೂಗಿಸಿ, ಸ್ಪಂಜು ತುಂಬಿದ ಗುಂಡಿಗೆ ಹಾರಿಸಿ, ಮೈಗೆ ತಿರುಗುವಿಕೆ ಕರಗತವಾದ ಮೇಲೆ ಒಂದು ಮೀಟರು, ಆಮೇಲೆ ಮೂರು, ಐದು, ಏಳೂವರೆ, ಹತ್ತು. ಹೊಸ ಧುಮುಕನ್ನು ಮೊದಲ ಸಲ ಮಾಡುವಾಗ, ಗಾಳಿಯಲ್ಲಿ ಸುತ್ತುತ್ತಿರುವ ಶಿಷ್ಯನಿಗೆ ಯಾವ ಕ್ಷಣದಲ್ಲಿ ಮೈ ಬಿಚ್ಚಬೇಕೆಂಬುದನ್ನು ಗುರು ದಂಡೆಯಿಂದ ಕೂಗಿ ಹೇಳುತ್ತಾನೆ. ಸುತ್ತುವವನಿಗೆ ಆಕಾಶ ಯಾವುದು, ನೀರು ಯಾವುದು ಎಂಬುದು ಕ್ಷಣಕಾಲ ತಿಳಿಯದೆ ಹೋಗುವ ದಿಗ್ಭ್ರಮೆಯೇ ಇವರೆಲ್ಲರೂ ಹೆಚ್ಚಾಗಿ ಹೆದರುವ ಶತ್ರು. ಕೊಳದ ತಳದಿಂದ ಗಾಳಿಯನ್ನು ಹಾಯಿಸಿ ಗುಳ್ಳೆಗಳನ್ನೆಬ್ಬಿಸುವ ಯಂತ್ರವೊಂದಿದೆ. ಗುಳ್ಳೆ ತುಂಬಿದ ನೀರು ಹಗುರವಾಗಿ, ಬೇಗನೆ ಸರಿದು, ತಪ್ಪಿ ಬಿದ್ದವನನ್ನು ಮೆತ್ತಗೆ ಸ್ವೀಕರಿಸುತ್ತದೆ. ನಿಶ್ಚಲವಾದ ನೀರು ಕನ್ನಡಿಯಂತಾಗಿ ಅದರ ಮೇಲ್ಮೈ ಎಲ್ಲಿದೆಯೆಂದೇ ಕಾಣದಿರುವುದರಿಂದ, ಸ್ಪರ್ಧೆಯಲ್ಲಿಯೂ ನೀರನ್ನು ಚಿಮುಕಿಸಿ ಮೇಲ್ಮೈಯನ್ನು ಕದಡುತ್ತಿರಬೇಕೆಂಬ ವಿಧಿಯಿದೆ. ಇಪ್ಪತ್ತೇಳು ಮೀಟರಿನವರ ಪಾಡು ಇನ್ನೂ ಕಷ್ಟದ್ದು: ಅಷ್ಟು ಎತ್ತರದ ಸ್ಥಿರವಾದ ಗೋಪುರಗಳು ಪ್ರಪಂಚದಲ್ಲಿಯೇ ಅತಿ ವಿರಳವಾದುದರಿಂದ, ಧುಮುಕಿನ ಆದಿಭಾಗವನ್ನು ಒಮ್ಮೆ, ಅಂತ್ಯಭಾಗವನ್ನು ಇನ್ನೊಮ್ಮೆ ಹತ್ತು ಮೀಟರಿನಿಂದ ಅಭ್ಯಾಸಮಾಡಿ, ಎರಡನ್ನೂ ಮನಸ್ಸಿನಲ್ಲಿ ಹೊಲಿದುಕೊಂಡು, ಅಖಂಡವಾಗಿ ಮಾಡುವುದು ಸ್ಪರ್ಧೆಯ ಗೋಪುರದಲ್ಲಿಯೇ. ಯಕ್ಷಗಾನದ ವೇಷಧಾರಿ ಪ್ರಸಂಗದ ಪೂರ್ವಾರ್ಧವನ್ನು ಒಂದೂರಿನಲ್ಲಿಯೂ ಉತ್ತರಾರ್ಧವನ್ನು ಮತ್ತೊಂದೂರಿನಲ್ಲಿಯೂ ಕಲಿತು ರಂಗಕ್ಕೆ ಬಂದಂತೆ.

ಎಲ್ಲಕ್ಕೂ ಅಡಿಗಲ್ಲಾದುದು ಆಳ. ಹತ್ತು ಮೀಟರಿನ ವೇದಿಕೆಯ ಕೆಳಗೆ ನೀರು 5 ಮೀಟರು ಇರುವುದು ಯೋಗ್ಯವೆಂದೂ 4.5ಕ್ಕೆ ಕಡಿಮೆಯಾಗಕೂಡದೆಂದೂ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ನಮ್ಮ ಹಳ್ಳಿಯ ಮಾತಿನಲ್ಲಿ ಮೂರಾಳು ನೀರು. ಹಮದ್ ಕೇಂದ್ರದಲ್ಲಿ ಧುಮುಕುವವನು ಅದನ್ನು ಅಳೆಯಬೇಕಾಗಿಲ್ಲ. ಅವನಿಗಾಗಿ ಇನ್ನೊಬ್ಬರು ಅಳೆದಿದ್ದಾರೆ, ಅದು ನಿನ್ನೆಯಿದ್ದಷ್ಟೇ ಇಂದೂ ಇರುತ್ತದೆ.

ಆಳವನ್ನು ಯಾರೂ ಅಳೆಯದ ಕಡೆಗಳಲ್ಲಿಯೇ ನಿಜವಾದ ಅನಾಹುತಗಳು ಆಗುತ್ತಿರುವುದು. ನಮ್ಮ ವಿಲ್ಲಾಗಳ ಆವರಣದ ಕೊಳದಲ್ಲಿ ಒಂದು ತುದಿಗೆ ನೀರು ವಯಸ್ಕನ ಸೊಂಟಕ್ಕೆ ಬರುತ್ತದೆ, ಇನ್ನೊಂದು ತುದಿಗೆ ಕತ್ತಿನವರೆಗೆ; ಅಂಚಿನಲ್ಲಿ ಬರೆದ ಅಂಕಿಗಳು ಬಿಸಿಲಿಗೆ ಮಾಸಿಹೋಗಿವೆ. ಬಂದರಿನ ಸ್ಪರ್ಧೆ ನಡೆದ ಮರುವಾರ, ಹತ್ತು ವರ್ಷದ ಹುಡುಗನೊಬ್ಬ ಹೆಸ್ಲಾಪನ ಹೆಸರು ಕೂಗಿ ಆಳವಿಲ್ಲದ ತುದಿಯಲ್ಲಿಯೇ ತಲೆ ಮುಂದಾಗಿ ಹಾರಿದನು. ಹಣೆ ತರಚಿಕೊಂಡು ಎದ್ದನು; ಹೆಚ್ಚೇನೂ ಆಗಲಿಲ್ಲ. "ಇದ್ ಬಾವಿ ಅಲ್ಲ ಮಾಣಿ, ಬಾಲ್ದಿ!" ಎಂದು ಆ ಕುಂದಾಪುರದ ಹಿರಿಯರು ಗದರಿಸಿದರು. ಒಂದು ಮೀಟರಿನ ಎತ್ತರದಿಂದ ಬಿದ್ದ ತಲೆಯ ವೇಗ ಗಂಟೆಗೆ ಹದಿನಾರು ಕಿಲೋಮೀಟರು ಮಾತ್ರ, ಸಾಧಾರಣವಾಗಿ ಓಡುವವನ ವೇಗ. ಆದರೆ ತಲೆ ತಳಕ್ಕೆ ತಗಲಿ ನಿಂತಾಗ ಹಿಂದಿನಿಂದ ಇಡೀ ಮೈಯ ಭಾರ ಕತ್ತಿನ ಮೇಲೆಯೇ ಬಂದು ಕೂಡುತ್ತದೆ. ಕತ್ತಿನ ಐದನೆಯ ಅಥವಾ ಆರನೆಯ ಕಶೇರು ಮುರಿದು ಬೆನ್ನುಹುರಿ ಜಜ್ಜಿದರೆ, ಕೈಕಾಲುಗಳೆರಡೂ ಜನ್ಮಾವಧಿ ಸ್ತಬ್ಧವಾಗಬಹುದು. ಹೀಗಾಗುವವರಲ್ಲಿ ಅಧಿಕಾಂಶ ತರುಣರು, ಗಂಡುಮಕ್ಕಳು, ಮತ್ತು ಗೋಪುರವನ್ನು ಎಂದೂ ಏರದವರು. ಗಂಟೆಗೆ 83 ಕಿಲೋಮೀಟರಿನಲ್ಲಿ ಇಳಿದ ಹೆಸ್ಲಾಪ್ ಕೈಬೀಸಿ ಮೇಲೆ ಬರುತ್ತಾನೆ, ಹದಿನಾರರಲ್ಲಿ ಇಳಿದವನು ಬರುವುದಿಲ್ಲ.

ಕನ್ನಡನಾಡಿನಲ್ಲಿ ಈ ವಿಪತ್ತಿಗೆ ಬೇರೆಯ ರೂಪವಿದೆ. ಬಲಮುರಿಯಲ್ಲಿ, ಮುತ್ತತ್ತಿಯಲ್ಲಿ, ಮೇಕೆದಾಟಿನಲ್ಲಿ, ಬೇಸಗೆಯ ಕಾವೇರಿ ಬಂಡೆಗಳ ನಡುವೆ ಶಾಂತವಾಗಿ ಕಾಣುವಾಗ ಪಟ್ಟಣದ ಹುಡುಗರು ಬಂಡೆಯೇರಿ ಡೈ ಹೊಡೆಯುತ್ತಾರೆ. ಕಳೆದ ವರ್ಷ ಮಡುವಿದ್ದಲ್ಲಿ ಈ ವರ್ಷ ಮರಳು, ಮರಳಿದ್ದಲ್ಲಿ ಮಡು. ಹೊಗೇನಕಲ್ಲಿನಲ್ಲಿ ಪ್ರವಾಸಿಗಳು ಕೊಡುವ ಪುಡಿಗಾಸಿಗೆ ಬಂಡೆಯ ಮೇಲಿಂದ ಹಾರುವ ಸ್ಥಳೀಯ ಹುಡುಗರಿಗೆ ಆ ಒಂದು ಮಡುವಿನ ಹುಟ್ಟಿನಿಂದ ಬಂದ ಪರಿಚಯವಾದರೂ ಇದೆ. ನೋಡಿ ಕಲಿತವನಿಗೆ ಅದೂ ಇಲ್ಲ. ಹೀಗೆ ಗಾಯಗೊಂಡವನನ್ನು ನೀರಿನಿಂದ ತೆಗೆಯುವವರು ಮಾಡುವ ಅತಿ ದೊಡ್ಡ ತಪ್ಪೆಂದರೆ ಕಂಕುಳಿಗೆ ಕೈಹಾಕಿ ಎಳೆಯುವುದು. ಉಸಿರಾಡುತ್ತಿದ್ದರೆ ಅವನನ್ನು ಅಂಗಾತವಾಗಿ ತೇಲಿಸಿ, ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಎರಡು ಕೈಗಳಿಂದ ಹಿಡಿದು, ಹಲಗೆಯೂ ಜನವೂ ಬರುವತನಕ ನೀರಿನಲ್ಲಿಯೇ ಕಾಯಬೇಕು. ಉಸಿರು ನಿಂತಿದ್ದರೆ ಮಾತ್ರ ಕತ್ತಿಗಿಂತ ಉಸಿರು ಮುಖ್ಯವೆಂದು ಕೂಡಲೇ ದಡಕ್ಕೆ ತಂದು ಕೃತಕ ಉಸಿರಾಟ ಆರಂಭಿಸಬೇಕು. ಇಲ್ಲಿ 999ಕ್ಕೂ ಊರಿನಲ್ಲಿ 108ಕ್ಕೂ ಕರೆಮಾಡುವುದು ಆಮೇಲಿನ ಮಾತಲ್ಲ, ಜೊತೆಯಲ್ಲಿಯೇ ಇನ್ನೊಬ್ಬನು ಮಾಡಬೇಕಾದುದು.

ಧುಮುಕುವ ಕ್ರೀಡೆ ನಮ್ಮವರಿಗೆ ಅಪರಿಚಿತವೇನಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದಲ್ಲಿ ಕೆ. ಪಿ. ಠಕ್ಕರ್ ಚಿಮ್ಮುಹಲಗೆ, ವೇದಿಕೆ ಎರಡರಲ್ಲಿಯೂ ಚಿನ್ನ ಗೆದ್ದಿದ್ದರು. ಬೆಂಗಳೂರಿನಲ್ಲಿ ಸ್ಯಾಂಕಿ ಕೆರೆಯ ಬಳಿಯ ಕೆ. ಸಿ. ರೆಡ್ಡಿ ಈಜುಕೊಳದ ಗೋಪುರವನ್ನು ನೋಡಿದವರು ಅನೇಕರು, ಅದರ ತುದಿಯಿಂದ ಕಲಿತು ಹಾರಿದವರು ಕೆಲವರು. ಈಜಿನಲ್ಲಿ ಕರ್ನಾಟಕ ಗಳಿಸಿದ ಕೀರ್ತಿ ಧುಮುಕುವುದರಲ್ಲಿ ಬರಲಿಲ್ಲ. ಆಳವಾದ ಕೊಳ, ನೆಲದ ಮೇಲಿನ ಸಾಮಗ್ರಿ, ದಂಡೆಯಿಂದ ಕೂಗಿ ಹೇಳಬಲ್ಲ ಗುರು, ಈ ಮೂರೂ ಒಂದೆಡೆ ಸೇರಿದ ಸ್ಥಳಗಳು ಕಡಿಮೆಯಾದುದೇ ಅದಕ್ಕೆ ಕಾರಣವೆಂದು ನನ್ನ ಎಣಿಕೆ; ಹಾರುವ ಹುಡುಗರ ಕೊರತೆಯಂತೂ ಎಂದೂ ಇರಲಿಲ್ಲ.

ತುಮಕೂರಿನ ಕಡೆಯ ನಮ್ಮ ತೋಟದಲ್ಲಿ, ಹಿಂದೆ ಕಪಿಲೆ ಹೊಡೆಯುತ್ತಿದ್ದ ದೊಡ್ಡ ಬಾವಿಯೊಂದಿತ್ತು. ಒಂದು ಪಕ್ಕ ಕಲ್ಲಿನ ಮೆಟ್ಟಿಲು, ಮೂರು ಪಕ್ಕ ನೆಟ್ಟಗಿನ ಗೋಡೆ. ಬೇಸಗೆಯ ರಜೆಗೆ ಊರಿಗೆ ಹೋದ ಮೊದಲ ದಿನ ನಾವೆಲ್ಲರೂ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಬಲ್ಲವರು ಬರಿಮೈಯಲ್ಲಿ, ಬಾವಿಯ ಕಟ್ಟೆಯ ಮೇಲೆ ಸಾಲಾಗಿ ನಿಂತರೆ, ತಾತ ಯಾರನ್ನೂ ಹಾರಗೊಡುತ್ತಿರಲಿಲ್ಲ. ಅರುವತ್ತು ವರ್ಷ ಅದೇ ಬಾವಿಯ ನೀರನ್ನು ಕಂಡವರು, ಹಗ್ಗದ ತುದಿಗೆ ಗುಂಡುಕಲ್ಲೊಂದನ್ನು ಕಟ್ಟಿ, ನಾವು ಹಾರುವ ಜಾಗದಲ್ಲಿಯೇ ಅದನ್ನು ಇಳಿಬಿಟ್ಟು, ಕಲ್ಲು ತಳ ಮುಟ್ಟಿ ಹಗ್ಗ ಸಡಿಲವಾದಾಗ ನೀರಿನ ಗುರುತಿಗೆ ಬೆರಳಿಟ್ಟು ಹಿಡಿದು ಮೇಲಕ್ಕೆಳೆದು, ಒದ್ದೆಯಾದ ಭಾಗವನ್ನು ನಮ್ಮಲ್ಲಿ ಎತ್ತರವಾದವನ ಪಕ್ಕಕ್ಕೆ ತೂಗಿ ನೋಡುತ್ತಿದ್ದರು. ಮಳೆ ಕೈಕೊಟ್ಟ ಒಂದು ವರ್ಷ ಹಗ್ಗ ಅವನ ತಲೆಯನ್ನು ದಾಟಿ ಅರ್ಧಾಳು ಮಾತ್ರ ಉಳಿಯಿತು. "ಒಂದೂವರೆ ಆಳು ಅಷ್ಟೇ ಕಣ್ರೋ. ಮೆಟ್ಲಿಂದ ಇಳ್ಕೊಳ್ಳಿ," ಎಂದು ತಾತ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡರು, ನಾವು ಗೊಣಗುತ್ತ, ಒಬ್ಬರ ಹಿಂದೊಬ್ಬರು, ಮೆಟ್ಟಿಲಿನಿಂದಲೇ ಇಳಿದೆವು.